ಕೋಚನ್ನು ತೆಗೆದ ಸುದ್ದಿ

ನವರಾತ್ರಿ ಕಳೆದು ಕಡಲು ಶಾಂತವಾಗಿತ್ತು. ಬೆಳಗಿನ ಬಲೆ ಎಳೆದಾದ ಮೇಲೆ ತಂಡದವರೆಲ್ಲ ಮರಳಿನಲ್ಲಿ ಕೂತು ಹರಿದಲ್ಲಿಗೆ ಗಂಟು ಹಾಕುತ್ತಿದ್ದರು. ನೀರಿನಲ್ಲಿ ಮೀನಿನ ಹಿಂಡು ಗುರುತಿಸಿ, ಬಲೆಯನ್ನು ಎಲ್ಲಿ, ಯಾವಾಗ ಬಿಡಬೇಕೆಂದು ಹೇಳುವವನು ತಾಂಡೇಲ ದೂಮಣ್ಣ. ಈಚೆಗೆ ಬಲೆ ಬರಿದಾಗಿಯೇ ಬರುತ್ತಿತ್ತು. ಅವನನ್ನು ಇಳಿಸುವುದೆಂದು ಉಳಿದವರು ಒಳಗೊಳಗೇ ಮಾತಾಡಿ ಮುಗಿಸಿದ್ದರು. ಹೇಳುವ ಕೆಲಸ ಮಾತ್ರ ಅವನ ತಂಗಿಯ ಮಗ ಲೋಕುವಿನ ತಲೆಗೆ ಬಿದ್ದಿತ್ತು. ಸಾಕಿ ಬೆಳೆಸಿದ ಮಾವನಿಗೆ ಅದನ್ನು ಹೇಗೆ ಹೇಳುವುದು? ಫುಟ್‌ಬಾಲ್ ಎಂದರೆ ಊರಿಗೆ ಊರೇ ಹುಚ್ಚು. ಲೋಕು ಅಲ್ಲಿಂದಲೇ ಶುರು ಮಾಡಿದ.

“ಮಾವ, ನಮ್ಮ ಟೀಮಿನ ಕೋಚನ್ನು ತೆಗೆದ್ರಂತೆ. ಟಿವಿಯಲ್ಲಿ ಬಂತು.”

“ತೆಗೀದೆ ಮತ್ತೆಂತ ಪೂಜೆ ಮಾಡ್ಬೇಕಾ?” ಎಂದ ಶೀನ. “ಯಾರ ಮಾತೂ ಕೇಳ್ಲಿಕ್ಕಿಲ್ಲ, ಬಾಯಿ ಬಿಟ್ರೆ ಬೈಗುಳ.”

“ಆದ್ರೂ ಅಷ್ಟು ಕಪ್ ತಂದವನಲ್ವಾ ಮಾರಾಯ!” ಎಂದ ಬಾಬು.

“ಅದು ಆಗ. ಈಗ ಹುಡುಗರು ಅವನ ಮುಖ ಕಂಡೇ ಗೋಲು ತಪ್ಪಿಸ್ತಾರೆ.”

“ಅವನು ಬೈದದ್ದಕ್ಕೇ ಆ ಹುಡುಗರೆಲ್ಲ ಆಟ ಕಲ್ತದ್ದು!”

ಜಗಳ ಜೋರಾಯಿತು. ಎಲ್ಲರ ಕಣ್ಣೂ ತಾಂಡೇಲನ ಮೇಲೆಯೇ ಇತ್ತು. ಅವನು ಮಾತ್ರ ತಲೆ ಎತ್ತಲಿಲ್ಲ. ಲೋಕು ಅವನ ಹತ್ತಿರ ಸರಿದು ಕೂತ.

“ನೀವೆಂತ ಹೇಳ್ತೀರಿ ಮಾವ? ತೆಗೆದದ್ದು ಸರಿಯಾ?”

ದೂಮಣ್ಣ ದಾರವನ್ನು ಹಲ್ಲಿನಿಂದ ಕಡಿದ.

“ಸರಿಯೇ. ಅವನ ಕಣ್ಣಿಗೆ ಈಗ ಮೀನಿನ ಹಿಂಡು ಕಾಣುವುದಿಲ್ಲ.”