ಸಾವ್ಕಾರ್ರ ವರಮಾನ

“ಆದಾಯ ಪ್ರಮಾಣಪತ್ರದಾಗ ಎಷ್ಟಂತ ಬರೀಲಿ, ಸಾವ್ಕಾರ್ರ?” ಕಂಪ್ಲಿಯ ನಾಡಕಚೇರಿಯ ಕಿಟಕಿಯಿಂದ ಗುಮಾಸ್ತ ನಗುತ್ತ ಕೇಳಿದ. ಅಂದಾನಪ್ಪ ಕೈಗಳನ್ನು ಬಿಳಿ ಶಲ್ಯದಡಿ ಮುಚ್ಚಿಕೊಂಡ. ಅವನು ಅಕ್ಕಿ ಮಿಲ್ಲು ಮಾರಿದ್ದು ಊರಿಗೆಲ್ಲ ಗೊತ್ತಿತ್ತು. ಹೊಳೆಯಾಚೆ ಗಂಗಾವತಿಯ ಮಿಲ್ಲೊಂದರಲ್ಲಿ ಕೂಲಿಗೆ ಚೀಲ ಹೊಲಿಯುವುದು ಮನೆಯವರ ಹೊರತು ಯಾರಿಗೂ ಗೊತ್ತಿರಲಿಲ್ಲ. ಹಿಂದಿನ ಸಾಲು ಕಿವಿಗೊಟ್ಟು ನಿಂತಿತ್ತು. ಸುಳ್ಳೇ ದೊಡ್ಡ ಮೊತ್ತ ಹೇಳಿದರೆ ಮಗಳು ಐಶ್ವರ್ಯಳ ಸ್ಕಾಲರ್‌ಶಿಪ್ ಹೋಯಿತು, ಹೊಸಪೇಟೆಯ ಕಾಲೇಜೂ ಹೋಯಿತು.

“ಬ್ಯಾಡ ಬಿಡಪ್ಪಾ, ಮನಿಗೆ ಹೋಗೂಣು,” ಎಂದಳು ಪಕ್ಕದಲ್ಲೇ ನಿಂತಿದ್ದ ಐಶ್ವರ್ಯ, ಮೆಲ್ಲಗೆ.

ಆ ಮಾತು ಚುಚ್ಚಿತು. ಅಪ್ಪನ ಮರ್ಯಾದೆಗಾಗಿ ಹುಡುಗಿ ಓದನ್ನೇ ಬಿಡಲು ತಯಾರಾಗಿದ್ದಳು! ದುಡಿಯುವ ಕೈಯನ್ನು ಬಚ್ಚಿಡಿಸುವ ಇದೆಂಥ ಮರ್ಯಾದೆ? ಅಂದಾನಪ್ಪ ಶಲ್ಯವನ್ನು ಹೆಗಲಿಗೆಸೆದು, ದಬ್ಬಣ ಚುಚ್ಚಿ ಒರಟಾದ ಬೆರಳುಗಳನ್ನು ಕಿಟಕಿಯ ಕಟ್ಟೆಯ ಮೇಲೆ ಊರಿದ. ಸಾಲಿಗೆಲ್ಲ ಕೇಳುವಂತೆ ಹೇಳಿದ: “ಸಾವ್ಕಾರ ಅನ್ನಬ್ಯಾಡ್ರಿ. ಗಂಗಾವತಿ ಮಿಲ್ಲಿನ್ಯಾಗ ಚೀಲ ಹೊಲಿತೀನಿ. ಆ ಕೂಲೀನ ಬರ್ಕೊಳ್ರಿ.”

ಅವನ ಹಿಂದೆಯೇ ಮಗನ ಸ್ಕಾಲರ್‌ಶಿಪ್ಪಿಗೆ ಇದೇ ಪತ್ರ ಮಾಡಿಸಲು ನಿಂತಿದ್ದ ಅಕ್ಕನಾಗಮ್ಮ, ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

“ನಂದೂ ಖರೇದ್ದ ಬರ್ಕೊಳ್ಳೋ ತಮ್ಮಾ. ಈ ಸೀರಿ ನಮ್ಮಕ್ಕಂದು.”