ಚುಕ್ಕಿಗೆರೆ
ಪರದೆಯ ಮೇಲಿನ ನಕ್ಷೆಯಲ್ಲಿ ‘ಗೂಬೆ’ಯಿಂದ ಅವಳ ಹೆಸರಿಗೆ ಎಳೆದಿದ್ದ ಚುಕ್ಕಿಗೆರೆ ಇವತ್ತು ಗಟ್ಟಿ ಗೆರೆಯಾಗಿತ್ತು. ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಅವಳು ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ಪರದೆಗೆ ಬಾಗಿದಳು. ಬ್ಲಾಗಿನ ಗೆಳೆಯರೆಲ್ಲ ತಂತಮ್ಮ ಪುಟದ ಕೋಡಿನಲ್ಲಿ, ಒಬ್ಬೊಬ್ಬರ ಲಿಂಕಿನ ಪಕ್ಕ, ಯಾರು ತಮಗೇನಾಗಬೇಕೆಂದು ಬರೆದಿಡುತ್ತಿದ್ದರು. ಅದನ್ನೋದಿ ಒಂದು ಜಾಲತಾಣ ಗೆಳೆತನದ ಈ ನಕ್ಷೆ ಬಿಡಿಸುತ್ತಿತ್ತು: ಮುಖ ಕಾಣದವರಿಗೆ ಚುಕ್ಕಿ, ಭೇಟಿಯಾದವರಿಗೆ ಗಟ್ಟಿ ಗೆರೆ. ಗೂಬೆಯೆಂಬ ಅಡ್ಡಹೆಸರಿನ ಈ ಗೆಳೆಯನ ಜೊತೆ ಆರು ವರ್ಷ ಹರಟಿದ್ದಳು, ಮುಖ ಮಾತ್ರ ಕಂಡಿರಲಿಲ್ಲ.

ಅವನ ಪುಟದ ಕೋಡು ತೆರೆದಳು. ಅವಳ ಲಿಂಕಿನಲ್ಲಿ ‘ಗೆಳತಿ’ಯ ಪಕ್ಕ ಹೊಸದಾಗಿ ‘ಭೇಟಿಯಾಗಿದೆ’ ಎಂದಿತ್ತು.

“ಯಾಕೋ ಗೂಬೆ, ಹಸೀ ಸುಳ್ಳು ಬರೆದಿದ್ದೀಯ?” ಎಂದು ಮೆಸೇಜು ಹಾಕಿದಳು.

“ಸುಳ್ಳಲ್ಲ ಕಣೇ. ಸೋಮವಾರ ನನ್ನ ಕಣ್ಣಿಗೆ ದೀಪ ಬಿಟ್ಟು ನೋಡಿದ್ದು ನೀನೇ. ನಾನೇ ಗೂಬೆ ಅಂತ ಹೇಳೋಕೆ ಧೈರ್ಯ ಬರ್ಲಿಲ್ಲ. ಅಕ್ಷರದ ಬೋರ್ಡಿನ ಕೊನೇ ಸಾಲು ಚೆನ್ನಾಗೇ ಕಾಣ್ತಿತ್ತು. ಕಾಣಲ್ಲ ಅಂದೆ, ಇನ್ನೊಂದ್ಸಲ ನೋಡ್ತೀಯಲ್ಲ ಅಂತ.”