ಐದನೇ ತಲೆಮಾರಿನ ತಪ್ಪು

ಪರೀಕ್ಷೆಯ ಪರದೆ ಕೆಂಪಾದಾಗ ಅಜ್ಜನ ಕೈ ಕೀಬೋರ್ಡಿನ ಮೇಲೆಯೇ ನಿಂತುಬಿಟ್ಟಿತು. ಕಚೇರಿಯವರೆಲ್ಲ ಅಜ್ಜ ಎಂದೇ ಕರೆಯುತ್ತಿದ್ದ ಆ ಹಿರಿಯ ಎಂಜಿನಿಯರು, ಕಂಪನಿಯ ಪ್ರೊಸೆಸರ್ ಚಿಪ್ಪಿನ ಮೊದಲ ತಲೆಮಾರಿನಲ್ಲಿ ಭಾಗಾಕಾರದಲ್ಲಿ ತಾವೇ ಮಾಡಿದ್ದ ಸಣ್ಣ ತಪ್ಪನ್ನು ಈ ಐದನೇ ತಲೆಮಾರಿನಲ್ಲಿ ತಿದ್ದಿದ್ದರು. ನಾಳೆ ಚಿಪ್ಪಿನ ನಕ್ಷೆ ಕಾರ್ಖಾನೆಗೆ ಹೋಗಬೇಕು. ಅದರ ಬೆನ್ನಿಗೇ ಅವರ ನಿವೃತ್ತಿ. ಹೋಗುವ ಮುಂಚೆ ಆ ಕಳಂಕವೊಂದು ತೊಳೆದುಹೋಗಲಿ ಎಂಬುದೇ ಅವರಿಗಿದ್ದ ಆಸೆ.

“ಲೆಕ್ಕ ಸರಿಯಾಗಿದೆಯಲ್ಲಮ್ಮಾ, ಮತ್ತೆ ಕೆಂಪು ಯಾಕೆ?” ಎಂದರು. ಅವರ ಕೈಕೆಳಗೇ ಕೆಲಸ ಕಲಿತು ಈಗ ತಂಡದ ಮುಖ್ಯಸ್ಥೆಯಾಗಿದ್ದವಳು ತಡವರಿಸಿದಳು. “ನಿಮ್ಮ ಲೆಕ್ಕ ಸರಿ ಸಾರ್. ಆದರೆ ಆಸ್ಪತ್ರೆಯಲ್ಲಿ ರೋಗಿಗೆ ಔಷಧಿ ಹನಿಸೋ ಯಂತ್ರದವರು, ನಮ್ಮ ಹಳೇ ಚಿಪ್ಪು ಒಂಚೂರು ಹೆಚ್ಚು ತೋರಿಸುತ್ತೆ ಅಂತ ಅಷ್ಟನ್ನ ಕಳೆದೇ ಪ್ರೋಗ್ರಾಂ ಬರೆದಿದ್ದಾರೆ. ಅದೇ ಪ್ರೋಗ್ರಾಂ ಇದರ ಮೇಲೂ ಓಡಬೇಕು. ನಾವು ತಿದ್ದಿದರೆ ರೋಗಿಗೆ ಔಷಧಿ ಕಡಿಮೆ ಬೀಳುತ್ತೆ.”

“ಅಂದರೆ, ನಾನು ಸೊಟ್ಟ ತೋಡಿದ ಕಾಲುವೆಗೇ ನೀರು ಒಗ್ಗಿಹೋಗಿದೆ ಅನ್ನು.”

“ಮನೆತನದ ಮೂಗಿದ್ದ ಹಾಗೆ ಸಾರ್, ಮೊಮ್ಮಕ್ಕಳಿಗೂ ಬರುತ್ತೆ.” ನಗಿಸಲೆಂದು ಹೇಳಿದಳು, ಅವರು ನಗಲಿಲ್ಲ. ಅವಳು ಮೆತ್ತಗೆ, “ನೀವು ಟೀ ಕುಡಿದು ಬನ್ನಿ. ಅದನ್ನ ನಾನು ಮೊದಲಿನ ಹಾಗೆ ಮಾಡಿಡ್ತೀನಿ” ಎಂದಳು.

“ಬೇಡಮ್ಮ. ಅವತ್ತು ಗೊತ್ತಿಲ್ಲದೆ ಮಾಡಿದೆ. ಇವತ್ತು ಗೊತ್ತಿದ್ದು ನಾನೇ ಮಾಡ್ತೀನಿ.”

ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿಕೊಂಡು ಅಜ್ಜ ಮುಂದಕ್ಕೆ ಬಾಗಿದರು. ತಿದ್ದಿದ್ದನ್ನು ಅಳಿಸಿದರು. ಆಮೇಲೆ ತಮ್ಮ ಹಳೆಯ ತಪ್ಪನ್ನು ಒಂದೊಂದೇ ಅಕ್ಷರವಾಗಿ, ಎಲ್ಲಿಯೂ ತಪ್ಪಾಗದಂತೆ, ಬರೆಯತೊಡಗಿದರು.